ಮೇಜಿನ ಮೇಲಿನ ಆ ಬೋರ್ಡು ಕಿತ್ತವರು ಯಾರು?



ಮೊದಲು ಒಂದು ಊಟದ ಮೇಜಿನ ಕತೆ ಕೇಳಿ.

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಹ್ಯಾಂಪ್ಟನ್ ಅಂತ ಒಂದು ಊರು. ಅಲ್ಲಿ ಲ್ಯಾಂಗ್ಲಿ ಎಂಬ ಸರ್ಕಾರಿ ವಿಮಾನ ಸಂಶೋಧನಾ ಕೇಂದ್ರ. ಮುಂದೆ ನಾಸಾದ ಪಾಲಾಗಿದ್ದು ಇದೇ ಕೇಂದ್ರ. ವರ್ಷ 1943. ಎರಡನೆಯ ಮಹಾಯುದ್ಧ ನಡೆಯುತ್ತಿದೆ. ವಿಮಾನದ ರೆಕ್ಕೆಗೆ ಲೆಕ್ಕ ಬೇಕು, ಗಾಳಿಯ ಒತ್ತಡಕ್ಕೆ ಲೆಕ್ಕ ಬೇಕು, ವೇಗಕ್ಕೆ ಲೆಕ್ಕ ಬೇಕು. ಇವತ್ತಿನ ಯಂತ್ರ ಆಗ ಅಲ್ಲಿ ಇಲ್ಲ. ಕೂತು ಲೆಕ್ಕ ಮಾಡುವ ಮನುಷ್ಯರನ್ನೇ ‘ಕಂಪ್ಯೂಟರ್’ ಅಂತ ಕರೆಯುತ್ತಿದ್ದರು. ಆ ಕೆಲಸಕ್ಕೆ ಗಣಿತ ಓದಿದ ಹೆಂಗಸರನ್ನು ಸೇರಿಸಿಕೊಂಡರು. ಕರಿಯ ಹೆಂಗಸರನ್ನೂ ಸೇರಿಸಿಕೊಂಡರು. ಸೇರಿಸಿಕೊಂಡು ಪಶ್ಚಿಮ ದಿಕ್ಕಿನ ಕಟ್ಟಡದಲ್ಲಿ ಬೇರೆ ಕೂರಿಸಿದರು. ಕಕ್ಕಸು ಬೇರೆ. ಊಟದ ಹಾಲಿನ ಹಿಂದುಗಡೆ ಒಂದು ಮೇಜು ಬೇರೆ. ಆ ಮೇಜಿನ ಮೇಲೆ ಒಂದು ರಟ್ಟಿನ ಬೋರ್ಡು: ‘ಕಲರ್ಡ್ ಕಂಪ್ಯೂಟರ್ಸ್’. ಅಂದರೆ ಬಣ್ಣದವರು ಇಲ್ಲೇ ಕೂತು ಉಣ್ಣಬೇಕು.

ಇವರ ಕೈಯಿಂದ ವಿಮಾನದ ಲೆಕ್ಕ ಬಂದರೆ ಮೈಲಿಗೆಯಿಲ್ಲ. ಇವರು ಪಕ್ಕದಲ್ಲಿ ಕೂತು ಉಂಡರೆ ಮೈಲಿಗೆ. ಈ ಗಣಿತವನ್ನು ನಿಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಪ್ಪ ಅವ್ವ ಬೆಳೆದ ರಾಗಿ ಒಳಗೆ ಹೋಗುತ್ತಿತ್ತು, ಅಪ್ಪ ಅವ್ವ ಜಗಲಿಯ ಕೆಳಗೆ ನಿಲ್ಲುತ್ತಿದ್ದರು.

ಆ ಹೆಂಗಸರಲ್ಲಿ ಮಿರಿಯಮ್ ಮಾನ್ ಎಂಬ ಒಬ್ಬರಿದ್ದರು. ಕುಳ್ಳನೆಯ ಆಳು. ಒಂದು ದಿನ ಆ ಬೋರ್ಡನ್ನು ಎತ್ತಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಕೆಲವು ದಿನಕ್ಕೆ ಹೊಸ ಬೋರ್ಡು ಬಂತು. ಅದನ್ನೂ ಚೀಲಕ್ಕೆ ಹಾಕಿಕೊಂಡರು. ಮತ್ತೆ ಬಂತು. ಮತ್ತೆ ಹಾಕಿಕೊಂಡರು. ಕೆಲಸ ಹೋಗುತ್ತೆ ಕಣೇ ಅಂತ ಗಂಡ ಹೆದರಿದರು. ಈಕೆ ಬಿಡಲಿಲ್ಲ. ಕಡೆಗೊಂದು ದಿನ ಬೋರ್ಡು ಬರುವುದು ನಿಂತಿತು. ಇಡುವವನಿಗೇ ಸಾಕಾಯಿತು.

ಈಗ ಇನ್ನೊಂದು ಕತೆ. 2016ರಲ್ಲಿ ಇದೇ ಹೆಂಗಸರ ಮೇಲೆ ‘ಹಿಡನ್ ಫಿಗರ್ಸ್’ ಎಂಬ ಸಿನಿಮಾ ಬಂತು. ಲೋಕವೆಲ್ಲಾ ನೋಡಿತು, ಚಪ್ಪಾಳೆ ಹೊಡೆಯಿತು. ಅದರಲ್ಲಿ ಕಣ್ಣೀರು ತರಿಸುವ ಒಂದು ದೃಶ್ಯ ಇದೆ. ಬಿಳಿಯ ಮೇಲಧಿಕಾರಿಯೊಬ್ಬ ಕಬ್ಬಿಣದ ಸಲಾಕೆ ಹಿಡಿದು, ಕರಿಯ ಹೆಂಗಸರ ಕಕ್ಕಸಿನ ಬೋರ್ಡನ್ನು ಎಲ್ಲರೆದುರಿಗೆ ಹೊಡೆದು ಬೀಳಿಸುತ್ತಾನೆ. ಎಂಥಾ ದೊಡ್ಡ ಮನಸ್ಸಪ್ಪಾ ಅನ್ನಿಸುತ್ತೆ.

ಆದರೆ ಅದು ನಡೆದೇ ಇಲ್ಲ. ಆ ಅಧಿಕಾರಿಯೇ ಇರಲಿಲ್ಲ, ಕೆಲವು ಜನರನ್ನು ಸೇರಿಸಿ ಕಟ್ಟಿದ ಪಾತ್ರ ಅವನದು. ಸಿನಿಮಾದಲ್ಲಿ ಬೇರೆ ಕಕ್ಕಸಿಗೆ ಓಡಿ ಓಡಿ ಸುಸ್ತಾಗುವ ಕ್ಯಾಥರೀನ್ ಜಾನ್ಸನ್, ನಿಜ ಜೀವನದಲ್ಲಿ ಓಡಲೇ ಇಲ್ಲ. ಹತ್ತಿರ ಇದ್ದ ಕಕ್ಕಸಿಗೇ ಹೋದರು. ಯಾರೋ ತಕರಾರು ಎತ್ತಿದಾಗ ಕಿವಿಗೇ ಹಾಕಿಕೊಳ್ಳಲಿಲ್ಲ.

ಗಮನ ಇಟ್ಟು ನೋಡಿ. ನಿಜದಲ್ಲಿ ಬೋರ್ಡು ತೆಗೆದದ್ದು ಕೆಲಸ ಕಳೆದುಕೊಳ್ಳುವ ಭಯದ ನಡುವೆ ಒಬ್ಬ ಕರಿಯ ಹೆಂಗಸಿನ ಕೈ. ಸಿನಿಮಾದಲ್ಲಿ ಬೋರ್ಡು ಒಡೆದದ್ದು ಏನನ್ನೂ ಕಳೆದುಕೊಳ್ಳಬೇಕಾಗಿಲ್ಲದ ಒಬ್ಬ ಬಿಳಿಯನ ಕೈ. ನಮ್ಮ ತಕರಾರು ಇರುವುದು ಇಲ್ಲೇ. ದೊಡ್ಡವರಿಗೆ ಹೇಳುವ ಕತೆಯಲ್ಲೇ ಹೀಗೆ ಕೈ ಬದಲಾದರೆ, ಮಕ್ಕಳಿಗೆ ಹೇಳುವ ಕತೆಯಲ್ಲಿ ಏನೇನು ಬದಲಾಗಬಹುದು?

ಈ ಹೆಂಗಸರ ಮೇಲೆ ಮಕ್ಕಳಿಗಾಗಿ ಈಗ ಸಾಕಷ್ಟು ಪುಸ್ತಕ ಬಂದಿವೆ. ಸಿನಿಮಾಕ್ಕೆ ಮೂಲವಾದ ಪುಸ್ತಕ ಬರೆದವರು ಮಾರ್ಗೊ ಲೀ ಶೆಟರ್ಲಿ. ಹ್ಯಾಂಪ್ಟನ್‌ನಲ್ಲೇ ಬೆಳೆದ ಕರಿಯ ಹೆಣ್ಣುಮಗಳು. ಅವರ ಅಪ್ಪ ಲ್ಯಾಂಗ್ಲಿಯಲ್ಲೇ ವಿಜ್ಞಾನಿ. 2018ರಲ್ಲಿ ಅವರೇ ಚಿಕ್ಕ ಮಕ್ಕಳಿಗಾಗಿ ಅದನ್ನು ಚಿತ್ರಪುಸ್ತಕ ಮಾಡಿದರು, ಚಿತ್ರ ಬರೆದವರು ಲಾರಾ ಫ್ರೀಮನ್. ಡೊರೊಥಿ ವಾನ್, ಮೇರಿ ಜಾಕ್ಸನ್, ಕ್ಯಾಥರೀನ್ ಜಾನ್ಸನ್, ಕ್ರಿಸ್ಟೀನ್ ಡಾರ್ಡನ್ ಎಂಬ ನಾಲ್ವರ ಕತೆ. ಅದೇ ವರ್ಷ ಕ್ಯಾಥರೀನ್ ಒಬ್ಬರ ಮೇಲೇ ಇನ್ನೊಂದು ಚಿತ್ರಪುಸ್ತಕ ಬಂತು. ರೇ ಮಾಂಟಗ್ಯೂ ಅವರ ಮೇಲೆ ಒಂದು ಬಂತು. ಅರ್ಕಾನ್ಸಾ ರಾಜ್ಯದಲ್ಲಿ ಕರಿಯಳೆಂದು ಇಂಜಿನಿಯರಿಂಗ್ ಓದಲು ಬಿಡದ ಇವರು ನೌಕಾಪಡೆಗೆ ಟೈಪಿಸ್ಟ್ ಆಗಿ ಸೇರಿ, 1971ರಲ್ಲಿ ಕಂಪ್ಯೂಟರಿನಿಂದ ಹಡಗಿನ ನಕ್ಷೆಯನ್ನು 19 ಗಂಟೆಯೊಳಗೆ ತೆಗೆದುಕೊಟ್ಟವರು. ಕಣ್ಣಿನ ಪೊರೆ ತೆಗೆಯಲು ಲೇಸರ್ ಸಾಧನ ಕಂಡುಹಿಡಿದ ಡಾಕ್ಟರ್ ಪೆಟ್ರೀಶಿಯಾ ಬಾತ್ ಅವರ ಮೇಲೂ ಬಂದಿದೆ.

ಬರಲಿ. ಇನ್ನೂ ನೂರು ಬರಲಿ. ನಾವು ಇವುಗಳ ವಿರೋಧಿಗಳಲ್ಲ. ಪುಸ್ತಕದಲ್ಲಿ ತನ್ನ ಮುಖ ಕಾಣದ ಮಗುವಿನ ಹೊಟ್ಟೆಯ ಸಂಕಟ ನಮಗೆ ಗೊತ್ತು. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಬಿಳಿಯ ಮಹಿಳೆ ಒಂದು ಲೆಕ್ಕ ತೆಗೆದರು. 1962ರಿಂದ 1964ರವರೆಗೆ ಅಮೆರಿಕದಲ್ಲಿ ಬಂದ 5,206 ಮಕ್ಕಳ ಪುಸ್ತಕಗಳನ್ನು ಹಿಡಿದು, ಎಷ್ಟರಲ್ಲಿ ಒಂದಾದರೂ ಕರಿಯ ಮುಖ ಇದೆ ಅಂತ ಎಣಿಸಿದರು. ನೂರಕ್ಕೆ 6.7! ಪುಸ್ತಕದಲ್ಲಿ ಯಾವಾಗಲೂ ಬಿಳಿ ಮಕ್ಕಳೇ ಯಾಕೆ ಇರ್ತಾರೆ ಅಂತ ಐದು ವರ್ಷದ ಕರಿಯ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಅವರ ಲೇಖನ ಶುರುವಾಗುತ್ತದೆ. 20 ವರ್ಷ ಕಳೆದು, 1985ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಎಣಿಸಿದಾಗ, ಆ ವರ್ಷ ಬಂದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕರಿಯರು ಬರೆದದ್ದು ಅಥವಾ ಚಿತ್ರಿಸಿದ್ದು ಬರೀ 18.

ಲ್ಯಾರಿಕ್ ಎಣಿಸಿದ ಮೊದಲ ವರ್ಷ 1962. ಅದೇ 1962ರ ಫೆಬ್ರವರಿಯಲ್ಲಿ ಜಾನ್ ಗ್ಲೆನ್ ಅಂತರಿಕ್ಷದಲ್ಲಿ ಭೂಮಿಯನ್ನು ಸುತ್ತಿ ಬಂದ. ಹೊರಡುವ ಮುಂಚೆ, ಯಂತ್ರ ಕೊಟ್ಟ ಅಂಕಿಗಳನ್ನು ‘ಆ ಹುಡುಗಿ’ ಕೈಯಲ್ಲಿ ಒಂದು ಸಲ ನೋಡಿಸಿ ಎಂದ. ‘ಆ ಹುಡುಗಿ’ ಅಂದರೆ ಕ್ಯಾಥರೀನ್ ಜಾನ್ಸನ್. ಆಗ ಅವರಿಗೆ 43 ವರ್ಷ, ಮೂರು ಹೆಣ್ಣುಮಕ್ಕಳ ತಾಯಿ. ಪ್ರಾಣವನ್ನೇ ಅವರ ಲೆಕ್ಕದ ಮೇಲೆ ಇಟ್ಟವನ ಬಾಯಲ್ಲೂ ಬಂದದ್ದು ಅದೇ ಮಾತು. ನಮ್ಮ ಊರಿನಲ್ಲಿ ನಮ್ಮ ಅಜ್ಜಿಯನ್ನು ಗೌಡರ ಮನೆಯ ಹತ್ತು ವರ್ಷದ ಹುಡುಗ ‘ಏ ಇವಳೇ’ ಅಂತ ಕರೆಯುವಾಗ ಬರುವ ಏಕವಚನ ಇದೇ. ಅದಕ್ಕೇ ಈ ಲೇಖನದಲ್ಲಿ ಅವರೆಲ್ಲರನ್ನೂ ನಾವು ಬಹುವಚನದಲ್ಲಿ ಕರೆದಿದ್ದೇವೆ.

ಈಗ ನಮ್ಮ ಜಗಳಕ್ಕೆ ಬರೋಣ.

ಈ ಪುಸ್ತಕಗಳ ಬಗ್ಗೆ ಮಾತಾಡುವವರ ಬಾಯಲ್ಲಿ ಒಂದೇ ಮಾತು: ‘ಮರೆಯಲ್ಲಿದ್ದವರು’, ‘ಕಣ್ಣಿಗೆ ಬೀಳದೆ ಹೋದವರು’. ಏನು ಸ್ವಾಮಿ ಹಾಗಂದರೆ? ಕಿಸೆಯಿಂದ ಚಿಲ್ಲರೆ ಬಿದ್ದ ಹಾಗೆ ಬಿದ್ದು ಹೋದರೇ? ಮೋಡ ಬಂದು ಮರೆಯಾದರೇ? ಮರೆಯಾದವರು ಬೇರೆ, ಮರೆಮಾಡಲ್ಪಟ್ಟವರು ಬೇರೆ. ಬೇರೆ ಕಟ್ಟಡದಲ್ಲಿ ಕೂರಿಸಿದ್ದು ಒಂದು ಆಜ್ಞೆ. ಬೇರೆ ಕಕ್ಕಸು ಕಟ್ಟಿಸಿದ್ದು ಒಂದು ಖರ್ಚು. ವರದಿಯ ಮೇಲೆ ಹೆಸರು ಹಾಕದೆ ಬಿಟ್ಟದ್ದು ಒಂದು ರೂಢಿ. 1960ರಲ್ಲಿ ಕ್ಯಾಥರೀನ್ ಅವರ ಹೆಸರು ಒಂದು ವರದಿಯ ಮೇಲೆ ಬಂದಾಗ, ಅವರ ವಿಭಾಗದಲ್ಲಿ ಹೆಂಗಸೊಬ್ಬರ ಹೆಸರು ಬಂದದ್ದು ಅದೇ ಮೊದಲು. ಆಜ್ಞೆಗೆ ಸಹಿ ಹಾಕಿದ ಕೈ ಇದೆ, ಖರ್ಚು ಮಂಜೂರು ಮಾಡಿದ ಕೈ ಇದೆ. ಆ ಕೈಗಳನ್ನು ಬಿಟ್ಟು, ‘ಪಾಪ, ಯಾರೂ ಗಮನಿಸಲಿಲ್ಲ’ ಅಂತ ಬರೆದರೆ, ಅಪರಾಧ ಮಾಯ, ಅಪರಾಧಿಯೂ ಮಾಯ.

ನ್ಯಾಯವಾಗಿ ಹೇಳಬೇಕು. ಶೆಟರ್ಲಿಯವರು ಇದನ್ನು ಮುಚ್ಚಿಟ್ಟಿಲ್ಲ. ಬಿಳಿಯರಿಗೆ ಒಂದು, ಕರಿಯರಿಗೆ ಒಂದು ಅನ್ನುವ ಕಾನೂನಿನ ಕತೆ ಅವರ ಚಿತ್ರಪುಸ್ತಕದಲ್ಲೂ ಇದೆ. ಮಿರಿಯಮ್ ಮಾನ್ ಅವರ ಕೈಚೀಲದ ಕತೆಯನ್ನು ಲೋಕಕ್ಕೆ ಮುಟ್ಟಿಸಿದ್ದೂ ಅವರ ದೊಡ್ಡ ಪುಸ್ತಕವೇ. ನಮ್ಮ ಜಗಳ ಆಮೇಲೆ ಬರುವ ಸಾಲುಗಟ್ಟಿದ ಪುಸ್ತಕಗಳ ಅಚ್ಚಿನ ಜೊತೆ. ಒಬ್ಬ ಜಾಣ ಹುಡುಗಿ ಇದ್ದಳು. ಅವಳಿಗೆ ಲೆಕ್ಕ ಅಂದರೆ ಪ್ರಾಣ. ಕಷ್ಟ ಬಂತು. ಎದೆಗುಂದಲಿಲ್ಲ. ಕಷ್ಟಪಟ್ಟು ಓದಿದಳು. ಗೆದ್ದಳು. ಕಡೆಯ ಪುಟದಲ್ಲಿ ಪದಕ, ನಗು. ಮಕ್ಕಳೇ, ನೀವೂ ಹಾಗೇ ಓದಿ! ಮುಗಿಯಿತು ಕತೆ.

ಈ ಅಚ್ಚಿನೊಳಗೆ ಹಿಡಿಸದೆ ಹೊರಗೆ ಬಿದ್ದದ್ದು ಏನು? ಅದನ್ನೇ ನಾವು ಹೇಳಬೇಕು.

ಮೊದಲನೆಯದು. 1943ರಲ್ಲಿ ಲ್ಯಾಂಗ್ಲಿಯ ಬಾಗಿಲು ತೆರೆದದ್ದು ಯಾರು? ಅಲ್ಲಿನ ದೊಡ್ಡ ಮನುಷ್ಯರ ಕರುಣೆ ಅಲ್ಲ. ಎ. ಫಿಲಿಪ್ ರಾಂಡಾಲ್ಫ್ ಅಂತ ಒಬ್ಬ ಕರಿಯ ನಾಯಕ. ಆತ ಕಟ್ಟಿದ್ದು ರೈಲಿನ ಮಲಗುವ ಡಬ್ಬಿಗಳಲ್ಲಿ ಹಾಸಿಗೆ ಹಾಸುವ, ಬಿಳಿಯರ ಬೂಟಿಗೆ ಪಾಲಿಷ್ ಹಾಕುವ ಕರಿಯ ಕೆಲಸಗಾರರ ಸಂಘ. 1941ರಲ್ಲಿ ಯುದ್ಧದ ಕಾರ್ಖಾನೆಗಳಲ್ಲಿ ಕರಿಯರಿಗೆ ಕೆಲಸ ಇಲ್ಲ ಅಂದಾಗ, ಜನರನ್ನು ಕಟ್ಟಿಕೊಂಡು ವಾಷಿಂಗ್ಟನ್ನಿಗೇ ಬರ್ತೀವಿ ಅಂತ ಆತ ನೋಟೀಸು ಕೊಟ್ಟ. ಲಕ್ಷ ಜನ ಅಂದ. ಅಧ್ಯಕ್ಷ ರೂಸ್‌ವೆಲ್ಟ್ ಬೆವತುಹೋದ. ಮೆರವಣಿಗೆಗೆ ವಾರವೂ ಉಳಿಯದಿದ್ದಾಗ, 1941ರ ಜೂನ್ 25ರಂದು ಆಜ್ಞೆ ಹೊರಡಿಸಿದ: ರಕ್ಷಣಾ ಕೆಲಸಗಳಲ್ಲಿ ಬಣ್ಣ ನೋಡಿ ಹೊರಗೆ ಇಡುವ ಹಾಗಿಲ್ಲ. ಆ ಆಜ್ಞೆಯ ಬಿರುಕಿನಲ್ಲಿ ಒಳಗೆ ಬಂದವರು ಡೊರೊಥಿ ವಾನ್, ಮಿರಿಯಮ್ ಮಾನ್. ಬೂಟು ಪಾಲಿಷ್ ಮಾಡುವ ಕೈಗಳು ಸೇರಿ ಗಣಿತದ ಕೋಣೆಯ ಬಾಗಿಲು ತಳ್ಳಿದವು. ಇದು ಮಕ್ಕಳಿಗೆ ಅರ್ಥವಾಗದ ವಿಷಯವೇ?

ಎರಡನೆಯದು. ಡೊರೊಥಿ ವಾನ್ ಲ್ಯಾಂಗ್ಲಿಗೆ ಬರುವ ಮುಂಚೆ ಫಾರ್ಮ್‌ವಿಲ್ ಎಂಬ ಊರಿನ ಮೋಟನ್ ಹೈಸ್ಕೂಲಿನಲ್ಲಿ ಕರಿಯ ಮಕ್ಕಳಿಗೆ ಗಣಿತ ಹೇಳುತ್ತಿದ್ದ ಮೇಡಮ್ಮು. 180 ಮಕ್ಕಳಿಗೆ ಕಟ್ಟಿದ ಆ ಶಾಲೆಯಲ್ಲಿ ಮುಂದೆ 450ಕ್ಕೂ ಹೆಚ್ಚು ಮಕ್ಕಳಾದರು. ಹೊಸ ಕಟ್ಟಡ ಕೇಳಿದರೆ ಡಾಂಬರು ಕಾಗದ ಹೊದಿಸಿದ ಗುಡಿಸಲು ಹಾಕಿಕೊಟ್ಟರು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಎಂಬ 16 ವರ್ಷದ ಹುಡುಗಿ ಎದ್ದು ನಿಂತಳು. ಶಾಲೆಯ ಮಕ್ಕಳೆಲ್ಲಾ ಮುಷ್ಕರ ಹೂಡಿ ಹೊರಗೆ ಬಂದರು. ಆ ಮಕ್ಕಳ ಮೊಕದ್ದಮೆ, ಶಾಲೆಗಳಲ್ಲಿ ಬಿಳಿ ಕಪ್ಪು ಅಂತ ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ 1954ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಐದು ಮೊಕದ್ದಮೆಗಳಲ್ಲಿ ಒಂದು.

ಆಮೇಲೆ ಏನಾಯಿತು? ಕರಿಯ ಮಕ್ಕಳ ಜೊತೆ ನಮ್ಮ ಮಕ್ಕಳನ್ನು ಕೂರಿಸುವುದಕ್ಕಿಂತ ಶಾಲೆಯೇ ಬೇಡ ಅಂತ ಆ ಪ್ರಿನ್ಸ್ ಎಡ್ವರ್ಡ್ ಜಿಲ್ಲೆಯ ಬಿಳಿಯರು ಸರ್ಕಾರಿ ಶಾಲೆಗಳಿಗೆಲ್ಲಾ ಬೀಗ ಹಾಕಿದರು. ತಮ್ಮ ಮಕ್ಕಳಿಗೆ ಖಾಸಗಿ ಶಾಲೆ ಮಾಡಿಕೊಂಡರು. 1959ರಿಂದ 1964ರವರೆಗೆ ಐದು ವರ್ಷ. ಏಳು ವರ್ಷದ ಕರಿಯ ಹುಡುಗಿಯ ಮುಂದೆ ಬಾಗಿಲು ಮುಚ್ಚಿತು. ತೆರೆಯುವ ಹೊತ್ತಿಗೆ ಅವಳಿಗೆ ಹನ್ನೆರಡು. ಅದೇ ವರ್ಜೀನಿಯಾದಲ್ಲಿ, ಅದೇ ಐದು ವರ್ಷದೊಳಗೆ, ಕ್ಯಾಥರೀನ್ ಜಾನ್ಸನ್ ಗ್ಲೆನ್‌ನ ದಾರಿಯ ಅಂಕಿಗಳನ್ನು ತಾಳೆ ನೋಡಿದರು. ಒಬ್ಬರ ಲೆಕ್ಕದಿಂದ ಆಕಾಶ ಸುತ್ತಿದ ದೇಶ, ಅವರಂಥ ನೂರಾರು ಮಕ್ಕಳ ಕೈಯಿಂದ ಸ್ಲೇಟು ಕಿತ್ತುಕೊಂಡಿತ್ತು. ಅವರಲ್ಲಿ ಎಷ್ಟು ಜನ ಕ್ಯಾಥರೀನ್‌ಗಳಿದ್ದರು? ಈ ಲೆಕ್ಕವನ್ನು ಯಾವ ಕಂಪ್ಯೂಟರು ಹಾಕಬೇಕು? ಪದಕದ ಕತೆ ಹೇಳುವ ಪುಸ್ತಕ, ಬೀಗದ ಕತೆ ಹೇಳದೆ ಹೋದರೆ ಅದು ಅರ್ಧ ಸತ್ಯ. ಅರ್ಧ ಸತ್ಯ ಮಕ್ಕಳಿಗೆ ಪೂರ್ತಿ ಸುಳ್ಳಾಗಿ ಮುಟ್ಟುತ್ತದೆ.

ಮೂರನೆಯದು. ಜಾಣೆ ಒಬ್ಬಳೇ ಬೆಳೆದಳೇ? ಕ್ಯಾಥರೀನ್ ಹುಟ್ಟಿದ ಊರಲ್ಲಿ ಕರಿಯ ಮಕ್ಕಳಿಗೆ ಎಂಟನೇ ತರಗತಿಯ ಮೇಲೆ ಶಾಲೆ ಇರಲಿಲ್ಲ. ಅಪ್ಪ ಊರಿನಲ್ಲೇ ದುಡಿಯುತ್ತಾ ಉಳಿದು, ಹೆಂಡತಿ ಮಕ್ಕಳನ್ನು 125 ಮೈಲಿ ದೂರದ ಊರಿನಲ್ಲಿ ಇಟ್ಟು ಓದಿಸಿದರು. ಹಾಸ್ಟೆಲಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ಆ ದೂರ ಎಷ್ಟು ಅಂತ ಗೊತ್ತು. ಅಲ್ಲಿ ಅವರಿಗೆ ಸಿಕ್ಕಿದ್ದು ಕರಿಯರ ಕಾಲೇಜು, ಕರಿಯ ಮೇಷ್ಟ್ರು. ಕ್ಲೇಟರ್ ಎಂಬ ಆ ಮೇಷ್ಟ್ರು ಗಣಿತದಲ್ಲಿ ಡಾಕ್ಟರೇಟ್ ಪಡೆದ ಅಮೆರಿಕದ ಮೂರನೆಯ ಕರಿಯ. ಈ ಒಬ್ಬ ವಿದ್ಯಾರ್ಥಿನಿಗಾಗಿ ಅವರು ಹೊಸದಾಗಿ ಒಂದು ತರಗತಿಯನ್ನೇ ಶುರುಮಾಡಿದರು. ಅಂದರೆ ಒಂದು ಜನಾಂಗ ಹೊಟ್ಟೆ ಕಟ್ಟಿ ಮಾಡಿಕೊಂಡ ಏರ್ಪಾಡು ಒಬ್ಬರನ್ನು ಮೇಲೆ ಎತ್ತಿತು.

ಇದನ್ನು ನಾವು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇವೆ? ಯಾಕೆಂದರೆ ‘ಒಬ್ಬ ಜಾಣ ಹುಡುಗಿ’ಯ ಕತೆ ಬಹಳ ಬೇಗ ಬೆತ್ತವಾಗುತ್ತದೆ. ‘ಕ್ಯಾಥರೀನ್ ಮೇಲೆ ಬರಲಿಲ್ಲವೇ? ಅಂಬೇಡ್ಕರ್ ಬೀದಿ ದೀಪದಲ್ಲಿ ಓದಲಿಲ್ಲವೇ? ನಿಮಗೆ ಯಾಕೆ ಸ್ಕಾಲರ್‌ಶಿಪ್ಪು, ನಿಮಗೆ ಯಾಕೆ ಮೀಸಲು ಸೀಟು?’ ಈ ಮಾತನ್ನು ಕಾಲೇಜಿನ ಕಾರಿಡಾರಿನಲ್ಲಿ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಪ್ರತಿಭೆ ಪ್ರತಿಭೆ ಅಂತ ಬಡಿದುಕೊಳ್ಳುವವರಿಗೆ ಮೇರಿ ಜಾಕ್ಸನ್ ಅವರ ಕತೆ ಹೇಳಿ. ಇಂಜಿನಿಯರ್ ಆಗಬೇಕಾದರೆ ಅವರು ಸಂಜೆ ತರಗತಿಗೆ ಹೋಗಬೇಕಿತ್ತು. ತರಗತಿ ನಡೆಯುತ್ತಿದ್ದುದು ಬಿಳಿಯರ ಹೈಸ್ಕೂಲಿನಲ್ಲಿ. ಒಳಗೆ ಕಾಲಿಡಲು ಊರಿನ ಆಡಳಿತಕ್ಕೆ ಅರ್ಜಿ ಹಾಕಿ ಅಪ್ಪಣೆ ಪಡೆಯಬೇಕಾಯಿತು. ಅಪ್ಪಣೆ ಸಿಕ್ಕಿ ಒಳಗೆ ಹೋಗಿ ನೋಡಿದರೆ, ಅದು ಮುಗ್ಗಲು ವಾಸನೆಯ ಹಳೇ ಕಟ್ಟಡ! ಇದಕ್ಕೇ ಇಷ್ಟು ಕಾಲ ಕಾವಲು ಕಾದರೇ? 1958ರಲ್ಲಿ ಅವರು ನಾಸಾದ ಮೊದಲ ಕರಿಯ ಮಹಿಳಾ ಇಂಜಿನಿಯರ್ ಆದರು. ಮುಂದೆ ಹೆಂಗಸರಿಗೆ ಮೇಲೇರಲು ದಾರಿ ಮಾಡುವ ಕೆಲಸಕ್ಕಾಗಿ, ತಮ್ಮ ದರ್ಜೆಯನ್ನು ತಾವೇ ಇಳಿಸಿಕೊಂಡು ಬೇರೆ ವಿಭಾಗಕ್ಕೆ ಹೋದರು. ಗೆದ್ದವರು ಹಿಂದಕ್ಕೆ ತಿರುಗಿ ಕೈ ಕೊಟ್ಟದ್ದು ಇದು. 2005ರಲ್ಲಿ ತೀರಿಕೊಂಡರು. ನಾಸಾದ ಕೇಂದ್ರ ಕಚೇರಿಗೆ ಅವರ ಹೆಸರಿಡುವುದಾಗಿ ಸಾರಿದ್ದು 2020ರಲ್ಲಿ.

‘ಇದೆಲ್ಲಾ ಸಣ್ಣ ಮಕ್ಕಳಿಗೆ ಯಾಕ್ರೀ? ಮನಸ್ಸು ಕಹಿಯಾಗುತ್ತೆ’ ಅನ್ನುವವರಿದ್ದಾರೆ. 1960ರಲ್ಲಿ ರೂಬಿ ಬ್ರಿಜಸ್ ಎಂಬ ಆರು ವರ್ಷದ ಕರಿಯ ಹುಡುಗಿ, ಉಗಿಯುವ ಕೂಗುವ ಬಿಳಿಯರ ಗುಂಪಿನ ನಡುವೆ, ಸರ್ಕಾರಿ ಕಾವಲಿನಲ್ಲಿ ಶಾಲೆಗೆ ಹೋದಳು. ಏಟು ತಿನ್ನಲು ಆರು ವರ್ಷ ಸಾಕು, ಏಟಿನ ಕತೆ ಕೇಳಲು ಸಾಲದೇ? ಇವರ ಹೆದರಿಕೆ ಮಕ್ಕಳ ಮನಸ್ಸಿನದಲ್ಲ. ಪೆನ್ಸಿಲ್ವೇನಿಯಾದ ಸೆಂಟ್ರಲ್ ಯಾರ್ಕ್ ಎಂಬಲ್ಲಿ ಶಾಲಾ ಮಂಡಳಿಯೊಂದು ತಡೆಹಿಡಿದ ಪುಸ್ತಕಗಳ ಪಟ್ಟಿಯಲ್ಲಿ ರೋಸಾ ಪಾರ್ಕ್ಸ್ ಅವರ ಮೇಲಿನ ಮಕ್ಕಳ ಪುಸ್ತಕವೂ ಇತ್ತು. ಆಗ ಎದ್ದವರು ಯಾರು? ಅಲ್ಲಿನ ವಿದ್ಯಾರ್ಥಿಗಳೇ. ಬೆಳಗ್ಗೆ ಶಾಲೆಯ ಮುಂದೆ ನಿಂತು ಪ್ರತಿಭಟಿಸಿದರು. 2021ರ ಸೆಪ್ಟೆಂಬರಿನಲ್ಲಿ ಮಂಡಳಿ ಆ ತಡೆಯನ್ನು ವಾಪಸು ತೆಗೆದುಕೊಂಡಿತು.

ಪುಸ್ತಕದ ಜಗಳ ಹೊಟ್ಟೆ ತುಂಬಿದವರ ಜಗಳ ಅಂತ ನಮ್ಮಲ್ಲೂ ಕೆಲವರು ಅನ್ನುತ್ತಾರೆ. ತಪ್ಪು. 1920ರಲ್ಲಿ ಡು ಬಾಯ್ಸ್ ಎಂಬ ಕರಿಯರ ಮಹಾ ಚಿಂತಕ, ಕರಿಯರನ್ನು ಬೀದಿ ಬೀದಿಯಲ್ಲಿ ಸುಟ್ಟು ನೇತುಹಾಕುತ್ತಿದ್ದ ಕಾಲದಲ್ಲಿ, ಕರಿಯ ಮಕ್ಕಳಿಗಾಗಿ ‘ದಿ ಬ್ರೌನೀಸ್ ಬುಕ್’ ಎಂಬ ತಿಂಗಳ ಪತ್ರಿಕೆ ತೆಗೆದರು. ಅದರ ಸಾಹಿತ್ಯ ಸಂಪಾದಕಿ ಜೆಸ್ಸಿ ಫಾಸೆಟ್ ಎಂಬ ಹೆಣ್ಣುಮಗಳು. 24 ಸಂಚಿಕೆ ಬಂದು 1921ರ ಕೊನೆಗೆ ನಿಂತಿತು. ಇದೇ ಡು ಬಾಯ್ಸ್ ಅವರಿಗೆ 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದದ್ದು, ವಿಶ್ವಸಂಸ್ಥೆಗೆ ಕರಿಯರು ಸಲ್ಲಿಸಿದ ಮನವಿಯ ಪ್ರತಿ ಬೇಕೆಂದು ಕೇಳಿದ್ದು. ನಮ್ಮಲ್ಲೂ 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಹಾಸ್ಟೆಲ್ ಹುಡುಗರ ಮೈಮೇಲೆ ಏಟು ಬಿತ್ತು. ಪುಸ್ತಕದಲ್ಲಿ ಯಾರು ಇರಬೇಕು ಅನ್ನುವುದು ಸಣ್ಣ ಪ್ರಶ್ನೆಯಾಗಿದ್ದರೆ ದೊಣ್ಣೆ ಯಾಕೆ ಬರುತ್ತಿತ್ತು?

ಕಡೆಗೆ ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. 1963ರಲ್ಲಿ ರಾಂಡಾಲ್ಫ್ ಮುಂದಾಳತ್ವದಲ್ಲಿ ವಾಷಿಂಗ್ಟನ್ನಿಗೆ ಮಹಾ ಮೆರವಣಿಗೆ ನಡೆಯಿತು. ಆ ದಿನದ ಮುಖ್ಯ ಭಾಷಣಕಾರರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಚಳವಳಿ ಕಟ್ಟಿದ ಗಂಡಸರೂ ಮರೆಮಾಡಿದರು. ನಾವೇನು ಕಮ್ಮಿ? ನಮ್ಮ ಸಭೆಗಳಲ್ಲಿ ಜಮಖಾನ ಹಾಸುವವರು, ಹಾಡುವವರು, ಚಹಾ ಕಾಯಿಸುವವರು ಯಾರು? ಮೈಕಿನ ಮುಂದೆ ನಿಲ್ಲುವವರು ಯಾರು? ಹುಡುಗಿಯರ ಹಾಸ್ಟೆಲಿನಲ್ಲಿ ಬಿ.ಎಸ್ಸಿ. ಓದುವ ನಮ್ಮ ತಂಗಿಯರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಅಮೆರಿಕದ ಬಿಳಿಯನ ಮೇಲೆ ಬೆರಳು ತೋರಿಸುವ ಮೊದಲು ಇದಕ್ಕೆ ಉತ್ತರ ಕೊಡೋಣ.

ಹಾಸ್ಟೆಲಿನ ಗೆಳೆಯ ಗೆಳತಿಯರೇ, ಈ ಪುಸ್ತಕಗಳು ಕೈಗೆ ಸಿಕ್ಕರೆ ಓದಿ. ಸಿಗದಿದ್ದರೆ ಈ ಹಾಳೆಯಲ್ಲಿರುವ ಕತೆಗಳನ್ನೇ ಕಿರಿಯರಿಗೆ ಕನ್ನಡದಲ್ಲಿ ಹೇಳಿ. ಹೇಳುವಾಗ ಮೂರು ಪ್ರಶ್ನೆ ಬಿಡಬೇಡಿ. ಇವರನ್ನು ಮರೆಮಾಡಿದವರು ಯಾರು? ಬಾಗಿಲು ತೆರೆಯುವ ಹಾಗೆ ಮಾಡಿದವರು ಯಾರು? ಇವರ ಜೊತೆಯಲ್ಲಿದ್ದು ಒಳಗೆ ಬರಲಾಗದೆ ಹೋದವರು ಎಷ್ಟು ಜನ? ಈ ಮೂರಕ್ಕೂ ಉತ್ತರ ಕೊಡುವ ಪುಸ್ತಕ ನಮ್ಮ ಪುಸ್ತಕ. ಕೊಡದ ಪುಸ್ತಕಕ್ಕೆ ಉತ್ತರವನ್ನು ನಾವೇ ಅಂಚಿನಲ್ಲಿ ಬರೆದು ಸೇರಿಸೋಣ.

ಯಾವನೋ ಪುಣ್ಯಾತ್ಮ ಸಲಾಕೆ ಹಿಡಿದು ಬರ್ತಾನೆ ಅಂತ ಕಾಯುವ ಪಾಠ ನಮ್ಮ ಮಕ್ಕಳಿಗೆ ಬೇಡ. ಮೇಜಿನ ಮೇಲೆ ಬೋರ್ಡು ಕಂಡರೆ ಎತ್ತಿ ಚೀಲಕ್ಕೆ ಹಾಕಿಕೊಳ್ಳುವ ಪಾಠ ಬೇಕು. ಮತ್ತೆ ಇಟ್ಟರೆ ಮತ್ತೆ ಎತ್ತಬೇಕು. ಇಡುವವನಿಗೆ ಸಾಕಾಗುವ ತನಕ.

ಜೈ ಭೀಮ್.